ಅಪ್ಪನ ಗಿಲಾವು, ನನ್ನ ಹನ್ನೆರಡು ಫೋಟೋ

ಆ ಅಡುಗೆಮನೆಯ ಛಾವಣಿಯ ಹನ್ನೆರಡು ಫೋಟೋ ತೆಗೆದವಳು ನಾನು. ಅದು ಯಾವ ಊರಿನ ಹಾಸ್ಟೆಲ್ ಎಂದು ಇಲ್ಲಿ ಬರೆಯುವುದಿಲ್ಲ. ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದಷ್ಟು ಕಟ್ಟಡಗಳು ನನ್ನ ಪಾಲಿಗೆ ಬಂದಿದ್ದವು. ಅದೂ ಅವುಗಳಲ್ಲಿ ಒಂದು. ಊರಿನ ಹೆಸರು ಬರೆದರೆ ತಪ್ಪೆಲ್ಲ ಆ ಊರಿನ ಮೇಲೆ ಹೋಗುತ್ತದೆ. ತಪ್ಪು ನಮ್ಮ ಮನೆಯಲ್ಲಿತ್ತು.

ನಮ್ಮ ಮನೆ ಸವಣೂರಿನಲ್ಲಿ. ಅಪ್ಪ ಗೌಂಡಿ. ಗೋಡೆ ಕಟ್ಟುವುದಕ್ಕಿಂತ ಗಿಲಾವು ಮಾಡುವುದರಲ್ಲಿ ಅವನ ಹೆಸರಿತ್ತು. ಇಟ್ಟಿಗೆಯ ಮೇಲೆ ಸಿಮೆಂಟು ಬಳಿದು ನುಣುಪು ಮಾಡುವ ಆ ಕೆಲಸಕ್ಕೆ ದೂರದೂರದಿಂದ ಕರೆ ಬರುತ್ತಿತ್ತು. ಅಪ್ಪ ಎಡಚ. ಎಡಗೈಯಲ್ಲಿ ಕರಣಿ ಹಿಡಿದು ಬಲದಿಂದ ಎಡಕ್ಕೆ ಅರ್ಧಚಂದ್ರದಂತೆ ಎಳೆಯುತ್ತಿದ್ದ. ಸಣ್ಣವಳಿದ್ದಾಗ ಅವನ ಹಿಂದೆ ಹೋಗಿ ಉಸುಕಿನ ರಾಶಿಯ ಮೇಲೆ ಕೂತು ಆ ಕೈಯನ್ನೇ ನೋಡುತ್ತಿದ್ದೆ. ಅದೇ ದುಡಿಮೆಯಲ್ಲಿ ನನಗೆ ಸಿವಿಲ್ ಡಿಪ್ಲೊಮಾ ಓದಿಸಿದ. ಮದುವೆಯಾಗಿ ಮೂರು ವರ್ಷಕ್ಕೆ ನಾನು ತವರಿಗೆ ಮರಳಿದಾಗ, ಯಾಕೆ ಬಂದಿ ಎಂದು ಒಮ್ಮೆಯೂ ಕೇಳಲಿಲ್ಲ. ಅವ್ವ ಅಷ್ಟರಲ್ಲಿ ತೀರಿಹೋಗಿದ್ದಳು. ಮನೆಯಲ್ಲಿ ನಾವಿಬ್ಬರೇ ಉಳಿದೆವು. ಅಪ್ಪನಿಗೆ ಮೊಣಕಾಲು ನೋವು ಹೆಚ್ಚಾಗಿ ಕೆಲಸ ಬಿಟ್ಟ ವರ್ಷವೇ ನನಗೆ ಈ ಕೆಲಸ ಸಿಕ್ಕಿತು.

ಕಟ್ಟಡಗಳ ದುರಸ್ತಿ, ನಿರ್ವಹಣೆಯ ಗುತ್ತಿಗೆ ಹಿಡಿದ ಕಂಪನಿ ಅದು. ಶಿಗ್ಗಾಂವದಲ್ಲಿ ಹೈವೇ ಪಕ್ಕದ ಒಂದು ಹಾಲ್‌ನಲ್ಲಿ ನಮಗೆ ಎರಡು ದಿನ ತರಬೇತಿ ಕೊಟ್ಟರು. ಮೊದಲು ಪ್ರತಿ ಕಟ್ಟಡವನ್ನೂ ಅಳೆದು ಕಂಪ್ಯೂಟರಿನೊಳಗೆ ಅದರಂಥದ್ದೇ ಇನ್ನೊಂದನ್ನು ಮಾಡಿಟ್ಟಿದ್ದರು. ಬೆರಳಲ್ಲಿ ಸರಿಸಿದರೆ ಅದು ತಿರುಗುತ್ತಿತ್ತು. ಮೇಲಿನ ಛಾವಣಿ ತೆಗೆದು ಒಳಗಿನ ಕೋಣೆಗಳನ್ನು ನೋಡಬಹುದಿತ್ತು. ಅದಕ್ಕೆ ಮಾಡೆಲ್ ಎನ್ನುತ್ತಿದ್ದೆವು. ನಾವು ಟ್ಯಾಬ್ ಹಿಡಿದು ಕೋಣೆ ಕೋಣೆಗೆ ಹೋಗಿ, ಹೇಳಿದ ಕೋನಗಳಿಂದ ಫೋಟೋ ತೆಗೆದು ಕಳಿಸಬೇಕು. ಆ ಫೋಟೋಗಳನ್ನು ಮನುಷ್ಯರು ನೋಡುತ್ತಿರಲಿಲ್ಲ. ತಂತ್ರಾಂಶವೇ ನೋಡಿ ಬಿರುಕು, ತೇವ, ಜಂಗು ಹಿಡಿದ ಕಬ್ಬಿಣ, ನೆಲದ ಒಡೆದ ಫರಸಿಕಲ್ಲು ಎಲ್ಲವನ್ನೂ ಗುರುತಿಸುತ್ತಿತ್ತು. ಆಮೇಲೆ ಮಾಡೆಲ್‌ನಲ್ಲಿ ಆ ಕೋಣೆಗೆ ಬಣ್ಣ ಬೀಳುತ್ತಿತ್ತು. ಹಸಿರು ಬಂದರೆ ಸರಿ ಇದೆ. ಹಳದಿ ಬಂದರೆ ಮತ್ತೊಮ್ಮೆ ಹೋಗಿ ನೋಡಬೇಕು. ಕೆಂಪು ಬಂದರೆ ಕೋಣೆ ಖಾಲಿ ಮಾಡಿಸಬೇಕು.

ಅದು ಕೆಲಸಕ್ಕೆ ಬಾರದ್ದು ಎಂದು ನಾನು ಹೇಳಲಾರೆ. ಹಾನಗಲ್ ಕಡೆಯ ಒಂದು ಕಟ್ಟಡದಲ್ಲಿ ನೀರಿನ ಟಾಕಿಯ ಹಿಂದೆ ಕೂದಲೆಳೆಯಂಥ ಬಿರುಕನ್ನು ಅದು ಹಿಡಿದುಕೊಟ್ಟಿತ್ತು. ಅಲ್ಲಿ ನಿಂತಿದ್ದ ನನಗೇ ಅದು ಕಂಡಿರಲಿಲ್ಲ. ಆವತ್ತಿನಿಂದ ನನಗೆ ಅದರ ಮೇಲೆ ಗಟ್ಟಿ ನಂಬಿಕೆ ಕೂತಿತು. ಕಾಲೇಜಿನಲ್ಲಿ ನಮಗೆ ಕೋಲಿನಿಂದ ಛಾವಣಿ ಬಡಿದು ಸಪ್ಪಳ ಕೇಳುವುದನ್ನು ಕಲಿಸಿದ್ದರು. ಒಳಗೆ ಪದರು ಬಿಟ್ಟಿದ್ದರೆ ಸಪ್ಪಳ ಟೊಳ್ಳಾಗಿರುತ್ತದೆ. ತರಬೇತಿ ಕೊಟ್ಟವರು ಅದನ್ನು ಕೇಳಿ ನಕ್ಕರು. ನಾನೂ ನಕ್ಕೆ.

ಆ ಹಾಸ್ಟೆಲ್ಲಿಗೆ ಹೋದದ್ದು ಮಳೆಗಾಲ ಮುಗಿದ ಮೇಲೆ. ಮಕ್ಕಳು ಶಾಲೆಗೆ ಹೋಗಿದ್ದರು. ಅಡುಗೆಮನೆಯಲ್ಲಿ ಅಡುಗೆಯಾಕೆ ಒಬ್ಬಳೇ ಇದ್ದಳು. ಐವತ್ತರ ಹತ್ತಿರದ ವಯಸ್ಸು, ಚಿಕ್ಕೇರೂರಿನವಳು. ಗಂಡ ಸತ್ತ ಮೇಲೆ ಈ ಕೆಲಸ ಹಿಡಿದು, ಹಾಸ್ಟೆಲ್ಲಿನಲ್ಲೇ ಒಂದು ಸಣ್ಣ ಕೋಣೆಯಲ್ಲಿ ಇದ್ದಳು. ಬೆಳಿಗ್ಗೆ ಐದಕ್ಕೇ ಮನೆ ಬಿಟ್ಟ ನನ್ನ ಮುಖ ನೋಡಿ, ಕೇಳದೆಯೇ ತಾಟಿನಲ್ಲಿ ಉಪ್ಪಿಟ್ಟು ಹಾಕಿ ಕೊಟ್ಟಳು. ನಾನು ತಿನ್ನುವಾಗ ಒಲೆಯ ಮೇಲೆ ಕೈ ತೋರಿಸಿ ಹೇಳಿದಳು.

“ಮೇಡಂರ, ದೊಡ್ಡ ಒಲಿ ಹತ್ತಿಸಿದ್ರ ಮ್ಯಾಲಿಂದ ಸಣ್ಣಗ ಉಸುಕು ಉದುರ್ತೈತ್ರಿ. ಬ್ಯಾಳ್ಯಾಗ ಬೀಳ್ತೈತಿ. ಒಮ್ಮೊಮ್ಮೆ ಟಕ್ ಅಂತ ಸಪ್ಳಾನೂ ಬರ್ತೈತಿ.”

“ಯಾವಾಗಿಂದ?” ಎಂದೆ.

“ಈ ಮಳಿಗಾಲದಾಗ ಶುರು ಆತ್ರಿ. ವಾರ್ಡನ್ನರಿಗೆ ಹೇಳೇನಿ. ಫೋಟೋದವ್ರು ಬರ್ತಾರ, ಅವ್ರಿಗೆ ಹೇಳು ಅಂದಾರ. ಅದಕ್ಕ ನಿಮಗ ಹೇಳಾಕತ್ತೇನಿ.”

ಎದ್ದು ನೋಡಿದೆ. ಛಾವಣಿ ಹೊಗೆ ಹಿಡಿದು ಸ್ವಲ್ಪ ಹಳದಿಯಾಗಿತ್ತು. ಆದರೆ ಒಲೆಯ ಮೇಲಿನ ಭಾಗ, ಒಂದು ಮಂಚ ಹಿಡಿಸುವಷ್ಟು ಜಾಗ, ಎಷ್ಟು ಚೆನ್ನಾಗಿತ್ತೆಂದರೆ ಒಂದು ಗೀರೂ ಇರಲಿಲ್ಲ. ಹನ್ನೆರಡು ಫೋಟೋ ತೆಗೆದು ಕಳಿಸಿದೆ. ಕಾಯುವಾಗ ಒಂದನ್ನು ಹಿಗ್ಗಿಸಿ ನೋಡಿದೆ. ಕಿಟಕಿಯಿಂದ ಅಡ್ಡಡ್ಡ ಬಿದ್ದ ಬೆಳಕಿನಲ್ಲಿ, ಸುಣ್ಣದ ಕೆಳಗೆ, ಬಲದಿಂದ ಎಡಕ್ಕೆ ಎಳೆದ ಅರ್ಧಚಂದ್ರಗಳು ತೆಳ್ಳಗೆ ಕಂಡವು.

ಅಪ್ಪನ ಕೈ. ನನಗೆ ಖುಷಿಯಾಯಿತು. ಅದನ್ನು ಮುಚ್ಚಿಡುವುದಿಲ್ಲ. ಯಾರದೋ ಊರಿನ ಅಡುಗೆಮನೆಯಲ್ಲಿ ನಮ್ಮಪ್ಪನ ಕೆಲಸ ತಲೆಯ ಮೇಲೆ ನಿಂತಿದೆ ಎಂದು ಹೆಮ್ಮೆಪಟ್ಟೆ. ಅಷ್ಟು ಜಾಗಕ್ಕೆ ಮಾತ್ರ ಹೊಸ ಗಿಲಾವು ಯಾಕೆ ಬೇಕಾಯಿತು, ಅದರ ಕೆಳಗೆ ಏನಿತ್ತು ಎಂದು ಯೋಚಿಸುವಷ್ಟು ಓದು ನನ್ನದಾಗಿತ್ತು. ಯೋಚಿಸಲಿಲ್ಲ.

ಟ್ಯಾಬ್‌ನಲ್ಲಿ ಹಸಿರು ಬಂತು. ಕೆಳಗೆ ‘ಇತರೆ ಟಿಪ್ಪಣಿ’ ಎಂಬ ಒಂದು ಖಾನೆ ಇತ್ತು. ಅಡುಗೆಯಾಕೆಯ ಮಾತನ್ನು ಅಲ್ಲಿ ಬರೆದಿದ್ದರೆ ಕೋಣೆ ತಾನಾಗಿ ಹಳದಿಯಾಗುತ್ತಿತ್ತು. ಹಳದಿಯಾದರೆ ವಾರದೊಳಗೆ ಮತ್ತೆ ಬರಬೇಕು, ಸೂಪರ್‌ವೈಜರ್ ಫೋನು ಮಾಡಿ ಯಾಕೆ ಎಂದು ಕೇಳುತ್ತಾರೆ. ಸವಣೂರಿನಿಂದ ಅಲ್ಲಿಗೆ ಎರಡು ಬಸ್ಸು. ಆ ದಿನ ಇನ್ನೂ ಹದಿನೆಂಟು ಕೋಣೆ ಉಳಿದಿದ್ದವು.

“ಅಕ್ಕಾರ, ಮಿಷಿನ್ ನೋಡಿ ಚೊಲೋ ಐತಿ ಅಂತು,” ಎಂದೆ. “ಮನಿಷ್ಯಾರ ಕಣ್ಣಿಗಿಂತ ಅದರ ಕಣ್ಣು ಚುರುಕ. ಚಿಂತಿ ಮಾಡಬ್ಯಾಡ್ರಿ.”

“ಹಂಗಾದ್ರ ಆತ್ರಿ,” ಎಂದಳು ಆಕೆ. ತಾಟು ತೆಗೆದುಕೊಂಡು ಹೋಗಿ ತೊಳೆದಳು.

ಸಂಜೆ ಮನೆಗೆ ಬಂದು ಅಪ್ಪನಿಗೆ ಫೋಟೋ ತೋರಿಸಿದೆ. “ನೋಡಪಾ, ಇದು ನಿನ್ನ ಕೈ ಹೌದಿಲ್ಲೋ ಹೇಳು,” ಎಂದೆ. ಅವನು ಟ್ಯಾಬನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ.

“ಎಲ್ಲಿದು?”

ಊರು ಹೇಳಿದೆ. ಅಡುಗೆಮನೆ ಎಂದೆ.

“ಕೋಲಿಲೆ ಬಡದು ನೋಡಿದೇನು?”

“ಈಗ ಯಾರೂ ಬಡಿಯೂದಿಲ್ಲಪಾ. ಫೋಟೋ ಸಾಕು. ಹಸಿರು ಬಂದೈತಿ.”

ಅಪ್ಪ ಟ್ಯಾಬನ್ನು ನನ್ನ ಕೈಗೆ ಕೊಟ್ಟ. ಒಂದೇ ರೊಟ್ಟಿ ತಿಂದು ಎದ್ದ. ಮೊಣಕಾಲಿನ ನೋವಿರಬೇಕು ಎಂದುಕೊಂಡು ಎಣ್ಣೆ ಕಾಸಿ ಕೊಟ್ಟೆ.

ಇಪ್ಪತ್ತು ದಿನಗಳ ಮೇಲೆ, ಒಂದು ಬೆಳಿಗ್ಗೆ, ಒಲೆಯ ಮೇಲಿನ ಆ ಭಾಗ ಕಳಚಿ ಬಿತ್ತು. ಮಕ್ಕಳು ಇನ್ನೂ ಸ್ನಾನಕ್ಕೆ ಸಾಲು ಹಚ್ಚಿದ್ದರು, ಊಟದ ಗಂಟೆ ಬಾರಿಸಿರಲಿಲ್ಲ. ಅಡುಗೆಯಾಕೆ ಒಲೆಯ ಮುಂದೆ ನಿಂತು ಬೇಳೆ ತಿರುವುತ್ತಿದ್ದಳು. ಸಿಮೆಂಟಿನ ಹೆಂಟೆ ಅವಳ ಬಲ ಹೆಗಲ ಮೇಲೆ ಬಿತ್ತು. ಕುದಿಯುವ ಬೇಳೆಯ ಪಾತ್ರೆ ಉರುಳಿ ಸೊಂಟದಿಂದ ಮೊಣಕಾಲಿನವರೆಗೆ ಸುಟ್ಟಿತು. ಅವಳನ್ನು ಹುಬ್ಬಳ್ಳಿಗೆ ಒಯ್ದರು.

ನನಗೆ ಸುದ್ದಿ ಹೇಳಿದವರು ಸೂಪರ್‌ವೈಜರ್. “ಹನ್ನೆರಡೂ ಫೋಟೋ ಅದಾವಲ್ಲ ಮೇಡಂ? ಏನೂ ಅಳಿಸಬ್ಯಾಡ್ರಿ. ನಮ್ಮ ಕಡೆ ಎಲ್ಲಾ ಕ್ಲಿಯರ್ ಐತಿ,” ಎಂದರು. ಆಕೆ ಬದುಕಿದ್ದಾಳೋ ಇಲ್ಲವೋ ಎಂದು ನಾನು ಕೇಳಬೇಕಾಯಿತು.

ವಿಚಾರಣೆಗೆ ಹಾನಗಲ್‌ಗೆ ಕರೆದರು. ಒಂದು ಆಫೀಸಿನ ಒಳಗಿನ ಕೋಣೆ. ವಿಚಾರಣೆಯ ಅಧಿಕಾರಿ, ಒಬ್ಬ ಇಂಜಿನಿಯರು, ನಮ್ಮ ಸೂಪರ್‌ವೈಜರ್, ನಾನು. ಗೋಡೆಯ ಮೇಲಿನ ಪರದೆಯಲ್ಲಿ ಹಾಸ್ಟೆಲ್ಲಿನ ಮಾಡೆಲ್ ತಿರುಗುತ್ತಿತ್ತು. ಸೂಪರ್‌ವೈಜರ್ ಛಾವಣಿ ಸರಿಸಿ ಅಡುಗೆಮನೆ ತೋರಿಸಿದರು. ಇನ್ನೂ ಹಸಿರಾಗಿಯೇ ಇತ್ತು. ಫೋಟೋ ತೆಗೆದ ದಿನ, ಗಂಟೆ, ನಿಮಿಷ ಎಲ್ಲ ಅಲ್ಲಿತ್ತು. ನಾನು ನಿಂತ ಜಾಗಕ್ಕೂ ಒಂದು ಚುಕ್ಕೆ ಇತ್ತು.

ಅಧಿಕಾರಿ ಒಳ್ಳೆಯ ಮನುಷ್ಯರೇ. ನನಗೆ ಮೊದಲು ನೀರು ಕೊಡಿಸಿದರು. ಆಮೇಲೆ ಕೇಳಿದರು. “ಸ್ಥಳದಾಗ ಯಾರಾದ್ರೂ ನಿಮಗ ಏನಾದ್ರೂ ಹೇಳಿದ್ರೇನು? ನೆನಪು ಮಾಡ್ಕೊಂಡು ಹೇಳ್ರಿ.”

“ಇಲ್ರಿ ಸರ್,” ಎಂದೆ.

ನೆನಪು ಮಾಡಿಕೊಳ್ಳುವ ಅಗತ್ಯವೇ ಇರಲಿಲ್ಲ. ಉಪ್ಪಿಟ್ಟಿನ ತಾಟು, ಅವಳ ಬೆರಳು, ಅವಳ ಮಾತು ಎಲ್ಲ ಕಣ್ಣ ಮುಂದೆ ಇತ್ತು. ಆದರೂ ಬಾಯಿಂದ ಬಂದದ್ದು ಅದು. ಅವರು ಬರೆದುಕೊಂಡರು. ನಾನು ಸಹಿ ಮಾಡಿದೆ. ಹೊರಗೆ ಬಂದು ಬಸ್ ಸ್ಟ್ಯಾಂಡಿನಲ್ಲಿ ಕೂತಾಗ ಮೈ ಹಗುರಾಗಿತ್ತು. ಆ ಹಗುರನ್ನು ನೆನೆದರೆ ನನಗೆ ಇವತ್ತಿಗೂ ಅಸಹ್ಯವಾಗುತ್ತದೆ.

ಮನೆಯಲ್ಲಿ ಅಪ್ಪ ಬಾಗಿಲಲ್ಲೇ ಕೂತಿದ್ದ. ಏನಾಯಿತು ಎಂದು ಕೇಳಿದ. ಯಂತ್ರ ತಪ್ಪಿತು, ನನ್ನದೇನೂ ತಪ್ಪಿಲ್ಲ ಎಂದು ಬರೆದುಕೊಂಡರು ಎಂದೆ.

“ಮಿಷಿನ್ನ ತಪ್ಪಿಲ್ಲ,” ಎಂದ ಅಪ್ಪ. “ಅದು ಕಾಣದಂಗ ನಾನ ಮಾಡೇನಿ.”

ಆಗ ಹೇಳಿದ. ನಾಲ್ಕು ವರ್ಷದ ಹಿಂದೆ ಅದೇ ಜಾಗದಲ್ಲಿ ಸಿಮೆಂಟು ಸಡಿಲಾಗಿತ್ತಂತೆ. ಆಗಿನ ಗುತ್ತಿಗೆದಾರ ಅಪ್ಪನನ್ನು ಕರೆದೊಯ್ದಿದ್ದ. ಸಡಿಲಾದದ್ದನ್ನು ಕೆಡವಿ ನೋಡಿದರೆ ಒಳಗಿನ ಕಬ್ಬಿಣದ ಸಳಿಗಳನ್ನು ಜಂಗು ತಿಂದು, ಕೈಯಿಂದ ಮುಟ್ಟಿದರೆ ಪುಡಿ ಬರುತ್ತಿತ್ತು. ಸ್ಲ್ಯಾಬ್ ಒಡೆದು ಹೊಸದು ಹಾಕಬೇಕು ಎಂದು ಅಪ್ಪ ಹೇಳಿದ. ಮರುದಿನ ಸಾಹೇಬರು ನೋಡಲು ಬರುವವರಿದ್ದರು. ಮುಚ್ಚಿಬಿಡು ಎಂದು ಗುತ್ತಿಗೆದಾರ ಹೇಳಿದ. ಅಪ್ಪ ಮುಚ್ಚಿದ. ಎಷ್ಟು ಚೆನ್ನಾಗಿ ಮುಚ್ಚಿದನೆಂದರೆ ಬಂದ ಸಾಹೇಬರು ಅದೇ ಗಿಲಾವನ್ನು ಹೊಗಳಿ ಹೋದರಂತೆ.

“ಆ ದಿನ ನಾ ಫೋಟೋ ತೋರಿಸಿದಾಗ ಯಾಕ ಹೇಳಲಿಲ್ಲಪಾ?”

“ನೀ ಭಾಳ ಖುಷೀಲೆ ತೋರಿಸಿದಿ,” ಎಂದ. ಮೊಣಕಾಲು ತಿಕ್ಕಿಕೊಳ್ಳುತ್ತ, “ಅದಲ್ಲ. ನಾಚಿಕಿ ಆತು,” ಎಂದ.

ಮರುದಿನ ಹಾನಗಲ್‌ಗೆ ಹೋಗುತ್ತೇನೆ ಎಂದು ಹೊರಟುನಿಂತ. ತಡೆಯಲು ನೋಡಿದೆ. ಕೇಳಲಿಲ್ಲ. ಒಗೆದ ಧೋತರ ಉಟ್ಟು ಟೊಪ್ಪಿಗೆ ಹಾಕಿಕೊಂಡು ನನ್ನ ಜೊತೆ ಬಂದ. ಹಿಂದಿನ ದಿನದ ಇಂಜಿನಿಯರು ಅವನ ಮಾತನ್ನು ಪೂರ್ತಿ ಕೇಳಿಸಿಕೊಂಡರು. ನಂತರ ಕಂಪ್ಯೂಟರಿನಲ್ಲಿ ಹಳೆಯ ದಾಖಲೆ ಹುಡುಕಿದರು.

“ಯಜಮಾನರ, ಆ ವರ್ಷ ಅಲ್ಲಿ ಬಣ್ಣ ಹಚ್ಚ್ಯಾರ ಅಂತಷ್ಟ ಐತಿ. ಗಿಲಾವು ಮಾಡಿದ್ದು ದಾಖಲಿಯೊಳಗ ಇಲ್ಲ.”

“ಮಾಡಿದವ ನಾನ ನಿಮ್ಮ ಮುಂದ ನಿಂತೇನಲ್ರಿ.”

“ಖರೆ ಇರಬಹುದು. ಆದ್ರ ಫೈಲು ನಿನ್ನೆನ ಮ್ಯಾಲ ಹೋತು. ನೀವು ಮನಿಗೆ ಹೋಗಿ ಆರಾಮ ಮಾಡ್ರಿ.”

ಹೊರಗೆ ಬಂದು ಅಪ್ಪ ಮೆಟ್ಟಿಲ ಮೇಲೆ ಕೂತುಬಿಟ್ಟ. ಅಡುಗೆಯಾಕೆ ಎಲ್ಲಿದ್ದಾಳೆ ಎಂದು ಕೇಳಿದ. ಆಸ್ಪತ್ರೆಯಲ್ಲಿ ಎಂದೆ. ಆಕೆ ಮನೆಗೆ ಬಂದ ಮೇಲೆ ತನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗು ಎಂದ. ಎರಡು ತಿಂಗಳಾದ ಮೇಲೆ, ಆಕೆಯನ್ನು ಚಿಕ್ಕೇರೂರಿಗೆ, ಮಗಳ ಮನೆಗೆ ಕರೆತಂದಿದ್ದಾರೆ ಎಂದು ತಿಳಿಯಿತು. ಹಾನಗಲ್‌ನಿಂದ ಹಿರೇಕೆರೂರಿನ ಬಸ್ಸು ಹತ್ತಿ ಚಿಕ್ಕೇರೂರಿನಲ್ಲಿ ಇಳಿದೆವು. ಆಕೆ ನನಗೆ ಹೇಳಿದ್ದ ಮಾತನ್ನು ಅಪ್ಪನಿಗೆ ನಾನು ಇನ್ನೂ ಹೇಳಿರಲಿಲ್ಲ.

ಆಕೆ ಪಡಸಾಲೆಯಲ್ಲಿ ಹೊರಸಿನ ಮೇಲೆ ಒರಗಿದ್ದಳು. ಬಲಗೈ ಮಡಿಲಲ್ಲಿ ಬಿದ್ದಿತ್ತು. ನನ್ನನ್ನು ನೋಡಿ ಗುರುತು ಹಿಡಿದಳು. ಮಗಳು ಕುರ್ಚಿ ತಂದಿಟ್ಟರೂ ಅಪ್ಪ ನೆಲದ ಮೇಲೆ ಕೂತ. ಮಡಚಲಾಗದ ಮೊಣಕಾಲನ್ನು ಮುಂದೆ ಚಾಚಿ, ತಾನು ಯಾರೆಂದು ಹೇಳಿದ.

“ಯವ್ವಾ, ನಿಮ್ಮ ಮ್ಯಾಲೆ ಬಿದ್ದಿದ್ದು ನನ್ನ ಗಿಲಾವು. ಒಳಗ ಸಳಿ ಉಳದಿದ್ದಿಲ್ಲ. ನೋಡಿನೂ ಮುಚ್ಚೇನಿ.”

ಆಕೆ ಅವನನ್ನೇ ನೋಡುತ್ತಿದ್ದಳು. “ಯಾಕ ಮುಚ್ಚಿದ್ರಿ?”

“ಮುಚ್ಚು ಅಂದ್ರು. ಮುಚ್ಚಿದೆ.”

“ಒಲ್ಲೆ ಅನ್ನಬೇಕಿತ್ತು.”

“ಹೌದವಾ. ಅನ್ನಬೇಕಿತ್ತು.”

ಒಳಗಿನಿಂದ ಚಹಾ ಸೋಸುವ ಸಪ್ಪಳ ಬಂತು. ಆಕೆ ನನ್ನ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

“ನಿಮಗ ಯಾರೂ ಬೀಳ್ತೈತಿ ಅಂತ ಹೇಳಿದ್ದಿಲ್ಲ ಅಣ್ಣಾರ, ನೀವ ಕಂಡ್ರಿ, ನೀವ ಮುಚ್ಚಿದ್ರಿ. ಈ ಮೇಡಂರಿಗೆ ನಾ ಕೈ ಮಾಡಿ ತೋರಿಸಿದ್ದೆ. ಉಸುಕು ಬೀಳ್ತೈತಿ, ಸಪ್ಳ ಬರ್ತೈತಿ ಅಂತ ಹೇಳಿದ್ದೆ. ಚಿಂತಿ ಮಾಡಬ್ಯಾಡ್ರಿ ಅಂದ್ರು. ನಾ ಮಾಡಲಿಲ್ಲ. ಒಲಿ ಸರಿಸಿ ಇಟ್ಕೋಬೇಕಂತ ಮಾಡಿದ್ದೆ, ಅದನ್ನೂ ಬಿಟ್ಟೆ.”

ಅಪ್ಪ ನನ್ನ ಮುಖ ನೋಡಿದ. ನಾನು ಚಹಾದ ಕಪ್ಪು ಹಿಡಿದು ಕೂತಿದ್ದೆ. ಕುಡಿಯದೆ ಇಟ್ಟರೆ ಮನೆಯವರಿಗೆ ಅವಮಾನ. ಕುಡಿದೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಅಪ್ಪ ಒಂದೇ ಮಾತು ಕೇಳಿದ. “ಆಫೀಸಿನ್ಯಾಗ ಕೇಳಿದಾಗ ಏನಂದಿ?”

“ಯಾರೂ ಹೇಳಿಲ್ಲ ಅಂದೆ.”

ಅವನು ಟೊಪ್ಪಿಗೆ ತೆಗೆದು ಮೊಣಕಾಲಿನ ಮೇಲೆ ಇಟ್ಟುಕೊಂಡ.

ಮರುದಿನ ಬೆಳಿಗ್ಗೆ ಚಹಾ ಕುಡಿದು, “ಬರ್ಕೋ,” ಎಂದ. ಹಾಗೆ ಮುಚ್ಚಿದ ಬೇರೆ ಜಾಗಗಳನ್ನು ಒಂದೊಂದಾಗಿ ಹೇಳಿದ. ಯಾವ ಊರು, ಯಾವ ಕಟ್ಟಡ, ಬಾಗಿಲಿನಿಂದ ಎಷ್ಟು ಹೆಜ್ಜೆ, ತೊಲೆಯೋ ಛಾವಣಿಯೋ ಕಂಬವೋ, ಒಳಗೆ ಏನು ಕಂಡಿತ್ತು. ಒಟ್ಟು ಒಂಬತ್ತು. ಅವುಗಳಲ್ಲಿ ಆರು ನನ್ನ ಪಾಲಿನ ಕಟ್ಟಡಗಳೇ. ಆರರಲ್ಲಿ ಐದು ಹಸಿರಾಗಿದ್ದವು, ಒಂದು ಮೊದಲೇ ಹಳದಿಯಾಗಿತ್ತು. ಮೊದಲು ನಾನು ಹಾನಗಲ್‌ನ ಅಧಿಕಾರಿಗೆ ಒಂದು ಪತ್ರ ಬರೆದೆ. ಅಡುಗೆಯಾಕೆ ನನಗೆ ಹೇಳಿದ್ದಳು, ವಿಚಾರಣೆಯಲ್ಲಿ ನಾನು ಸುಳ್ಳು ಹೇಳಿದೆ ಎಂದು ನಾಲ್ಕು ಸಾಲು. ಆಮೇಲೆ ಟ್ಯಾಬ್ ತೆಗೆದು ಆ ಆರು ಕೋಣೆಗಳ ‘ಇತರೆ ಟಿಪ್ಪಣಿ’ಯಲ್ಲಿ ಅಪ್ಪ ಹೇಳಿದ್ದನ್ನೆಲ್ಲ ತುಂಬಿದೆ. ಹಸಿರಾಗಿದ್ದ ಐದೂ ಒಂದರ ಹಿಂದೆ ಒಂದು ಹಳದಿಯಾದವು.

ಮಧ್ಯಾಹ್ನವೇ ಸೂಪರ್‌ವೈಜರ್ ಫೋನು ಬಂತು. “ಫೋಟೋದಾಗ ಏನೂ ಇಲ್ಲ. ಯಾವ ಆಧಾರದ ಮ್ಯಾಲ ಬರದೀರಿ?”

“ಗಿಲಾವು ಮಾಡಿದವರು ಹೇಳ್ಯಾರ್ರಿ.”

“ಅವರು ಹೇಳಿದ್ದು ಹಾಕಾಕ ಬರೂದಿಲ್ಲ ಮೇಡಂ. ಕಂಡಿದ್ದಷ್ಟ ಹಾಕಬೇಕು.”

ವಾರದಲ್ಲಿ ನನ್ನ ಲಾಗಿನ್ ನಿಂತಿತು. ಕೆಲಸದಿಂದ ತೆಗೆದೆವು ಎಂದು ಯಾರೂ ಹೇಳಲಿಲ್ಲ. ಮುಂದಿನ ತಿಂಗಳ ಪಟ್ಟಿಯಲ್ಲಿ ನನ್ನ ಹೆಸರು ಇರಲಿಲ್ಲ, ಅಷ್ಟೇ. ನನ್ನ ಪತ್ರಕ್ಕೆ ಉತ್ತರ ಬರಲಿಲ್ಲ. ‘ಸ್ವೀಕರಿಸಲಾಗಿದೆ’ ಎಂದು ಸಿಕ್ಕೆ ಒತ್ತಿದ ಪ್ರತಿ ನನ್ನ ಹತ್ತಿರ ಇದೆ.

ಅಪ್ಪ ಸುಮ್ಮನೆ ಕೂರಲಿಲ್ಲ. ಒಂದು ಬಿದಿರಿನ ಕೋಲು ಹಿಡಿದು ತಾನೇ ಹೋದ. ಕೆಲವು ಕಡೆ ನಾನೂ ಜೊತೆಗಿದ್ದೆ. ಎರಡು ಕಡೆ ಗೇಟಿನ ಒಳಗೇ ಬಿಡಲಿಲ್ಲ. ಒಂದು ಕಡೆ ವಾಚ್‌ಮನ್ ಅವನನ್ನು ಹುಚ್ಚನೆಂದು ತಿಳಿದು ನೀರು ಕೊಟ್ಟು ಕಳಿಸಿದ. ಶಿಗ್ಗಾಂವ ಕಡೆಯ ಒಬ್ಬ ವಾರ್ಡನ್ ಮಾತ್ರ ಅವನ ಮಾತು ಕೇಳಿ ಏಣಿ ತರಿಸಿದರು. ಅಪ್ಪ ಹತ್ತಲಾರ, ನಾನು ಹತ್ತಿದೆ. ಅಪ್ಪ ಕೆಳಗೆ ನಿಂತು, “ಎಡಕ, ಇನ್ನಷ್ಟು ಎಡಕ, ಅಲ್ಲೆ ಬಡಿ,” ಎಂದ. ಬಡಿದೆ. ಖಾಲಿ ಡಬ್ಬಿ ಬಡಿದಂತೆ ಸಪ್ಪಳ ಬಂತು. ಆ ದಿನವೇ ವಾರ್ಡನ್ ಆ ಕೋಣೆಯ ಮಕ್ಕಳ ಟ್ರಂಕುಗಳನ್ನು ವರಾಂಡಕ್ಕೆ ತರಿಸಿ ಬೀಗ ಹಾಕಿದರು. ಇನ್ನೊಂದು ಕಡೆಯೂ ಆಮೇಲೆ ಒಡೆದು ನೋಡಿದರು ಎಂದು ಕೇಳಿದೆ. ಉಳಿದ ಏಳು ಹಾಗೇ ಇವೆ. ಮಾಡೆಲ್‌ನಲ್ಲಿ ಈಗ ಅವುಗಳ ಬಣ್ಣ ಏನೋ, ನೋಡುವ ಅಧಿಕಾರ ನನಗಿಲ್ಲ. ಅವುಗಳ ಕೆಳಗೆ ಮಲಗುವವರು, ಓದುವವರು, ಅಡುಗೆ ಮಾಡುವವರು ಯಾರೆಂದೂ ನನಗೆ ಗೊತ್ತಿಲ್ಲ.

ಈಗ ಶಿಗ್ಗಾಂವದ ಒಂದು ಅಂಗಡಿಯಲ್ಲಿ ಮನೆಗಳ ನಕ್ಷೆ ತೆಗೆಯುತ್ತೇನೆ. ಅಪ್ಪನ ಮೊಣಕಾಲು ಪೂರ್ತಿ ಹೋಗಿದೆ, ಮನೆ ಬಿಟ್ಟು ಹೊರಬರುವುದಿಲ್ಲ. ನನ್ನ ಮೇಲೆ ಸಿಟ್ಟು ಮಾಡಿಲ್ಲ. ಉಣ್ಣುವ, ಗುಳಿಗೆ ನುಂಗುವ ಮಾತು ಆಡುತ್ತೇವೆ. ಮೊದಲು ಯಾರದಾದರೂ ಹೊಸ ಮನೆಯ ಮುಂದೆ ಹಾದರೆ ನಿಂತು, “ನೋಡು, ಮೂಲಿ ಕೂಡಿಸಿದ್ದು ಸರಿ ಇಲ್ಲ,” ಎಂದು ನನಗೆ ತೋರಿಸುತ್ತಿದ್ದ. ಈಗ ಕಿಟಕಿಯಿಂದ ಎದುರಿನ ಕಟ್ಟಡ ಕಂಡರೂ ಏನೂ ಹೇಳುವುದಿಲ್ಲ.

ತಿಂಗಳಿಗೊಮ್ಮೆ ಚಿಕ್ಕೇರೂರಿಗೆ ಹೋಗುತ್ತೇನೆ. ಮೊದಲ ಎರಡು ಸಲ ಆಕೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅವಳ ಮಗಳ ಜೊತೆ ಮಾತಾಡಿ ಬಂದೆ. ಮೂರನೆಯ ಸಲ ಕೋಲು ಪಕ್ಕದಲ್ಲಿಟ್ಟು ಅಂಗಳದಲ್ಲಿ ಕೂತು ಎಡಗೈಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಮಗಳು ಕೆಲಸಕ್ಕೆ ಹೋಗಿದ್ದಳು. ಬಂದ್ರ್ಯಾ ಎಂದು ಕೇಳಲಿಲ್ಲ, ಯಾಕ ಬಂದ್ರಿ ಎಂದೂ ಕೇಳಲಿಲ್ಲ.

“ಹೆಗಲ ಹಿಂದ ಎಣ್ಣಿ ಹಚ್ಚಬೇಕು. ನನಗ ಕೈ ಮುಟ್ಟೂದಿಲ್ಲ,” ಎಂದಳು.

ಒಳಗೆ ಹೋಗಿ ಬಾಟಲಿ ತಂದೆ. ಆಕೆ ಸೆರಗು ಸರಿಸಿದಳು. ಮೂಳೆ ಕೂಡಿದ ಕಡೆ ಗಂಟು ಗಂಟಾಗಿತ್ತು. ಹೊಲಿಗೆ ಹಾಕಿದ ಉದ್ದಕ್ಕೂ ಚರ್ಮ ಹೊಳೆಯುತ್ತಿತ್ತು. ನೋಯಬಾರದೆಂದು ಮೆಲ್ಲಗೆ ತಿಕ್ಕಿದೆ.

“ಜೋರಾಗಿ ತಿಕ್ಕ್ರಿ,” ಎಂದಳು ಅಕ್ಕಿಯ ಮೇಲಿಂದ ಕಣ್ಣು ತೆಗೆಯದೆ. “ಅಲ್ಲೆ ನನಗ ಏನೂ ಗೊತ್ತಾಗೂದಿಲ್ಲ.”